ಸುಮ್ಮನಿದ್ದರೆ ರಸ್ತೆ ಖಾಲಿ

ನವೆಂಬರ್ 9

ಮಗಳೇ,

ಮೊದಲು ಇಷ್ಟು ಓದಿ ಉಸಿರು ಬಿಡು: ನಿಮ್ಮಪ್ಪ ಚೆನ್ನಾಗಿದ್ದಾರೆ, ನಾನೂ ಚೆನ್ನಾಗಿದ್ದೇನೆ. ಕಾರು ಚೆನ್ನಾಗಿಲ್ಲ. ಇನ್ನೊಬ್ಬಳೂ ಚೆನ್ನಾಗಿಲ್ಲ.

ಹೋದ ವಾರ ಬೆಳಗಿನ ರೈಲಿಗೆ ಬರುವ ಗಿರಾಕಿಯನ್ನು ಕರೆತರಲು ಹೊರಟಿದ್ದೆವು. ಮಂಜೆಂದರೆ ಮಂಜು, ಬೀದಿದೀಪಗಳೆಲ್ಲ ನೀರಿನೊಳಗೆ ಉರಿಯುತ್ತಿರುವ ಹಾಗೆ ಕಾಣುತ್ತಿದ್ದವು. ಹಳೇ ಗೋದಾಮಿನ ತಿರುವಿನಲ್ಲಿ, ಎಡಗಡೆ, ಒಂದು ತಳ್ಳುಗಾಡಿ. ಅದರ ಪಕ್ಕ ಕಸದವಳು. ಸದ್ದು ಕೇಳಿಸಿದ್ದು ಆಮೇಲೆ. ಮೊದಲು ಕಂಡದ್ದು ಎಲೆಗಳು. ಅವಳು ಗುಡಿಸಿ ಗಾಡಿಗೆ ತುಂಬಿದ್ದ ಒಣಗಿದ ಎಲೆಗಳೆಲ್ಲ ಒಟ್ಟಿಗೇ ಮೇಲೆದ್ದು, ಎಲ್ಲಿಗೂ ಅವಸರವಿಲ್ಲದ ಹಾಗೆ ತೇಲಿ, ಒಂದೊಂದಾಗಿ ನಮ್ಮ ಮುಂದಿನ ಗಾಜಿನ ಮೇಲೆ ಇಳಿದವು. ಕಾರು ಕಂಬಕ್ಕೆ ಒರಗಿಕೊಂಡು ನಿಂತಿತು. ಅವಳು ರಸ್ತೆಯಂಚಿನಲ್ಲಿ ಕೂತಿದ್ದಳು. ಕೂತಿದ್ದಾಳಲ್ಲ, ಏನೂ ಆಗಿಲ್ಲ ಅಂದುಕೊಂಡೆ. ಹತ್ತಿರ ಹೋದರೆ, ಅವಳು ಕೂತ ಕಡೆಗೆ ಅವಳ ಒಂದು ಕಾಲು ಇರಲಿಲ್ಲ, ಮುರಿದು ಬೇರೆ ಕಡೆಗೆ ತಿರುಗಿತ್ತು.

ಇನ್ನು ಮುಂದಿನದನ್ನು ನಿನಗೆ ಇಷ್ಟು ವರ್ಷ ಹೇಳಿರಲಿಲ್ಲ. ನಿಮ್ಮಪ್ಪನ ಎಡಗಣ್ಣು ಹೋಗಿದೆ. ಬೆಳಕು ಗೊತ್ತಾಗುತ್ತದೆ, ಆಕಾರ ಗೊತ್ತಾಗುವುದಿಲ್ಲ. ಇನ್ನು ಡ್ರೈವಿಂಗ್ ಬಿಡಿ ಎಂದು ಡಾಕ್ಟರು ಹೇಳಿದ ದಿನ ಮನೆಗೆ ಬಂದವರೇ ನನ್ನನ್ನು ಮುಂದಿನ ಸೀಟಿನಲ್ಲಿ ಕೂರಿಸಿದರು. ಅವತ್ತಿನಿಂದ ಬಲಗಡೆಯ ರಸ್ತೆ ಅವರದು, ಎಡಗಡೆಯದು ನನ್ನದು. ಮನುಷ್ಯರು ಕಂಡರೆ ‘ಬಂದ್ರು’ ಅನ್ನಬೇಕು, ಬೇರೇನಾದರೂ ಕಂಡರೆ ‘ಬಂತು’. ಏನೂ ಇಲ್ಲದಿದ್ದರೆ ಸುಮ್ಮನಿರಬೇಕು. ನಾನು ಸುಮ್ಮನಿದ್ದರೆ ರಸ್ತೆ ಖಾಲಿ. ಅದು ನಮ್ಮಿಬ್ಬರ ಕರಾರು.

ಹಿಂದೆ ಕೂತ ಗಿರಾಕಿಗಳು, “ಏನಪ್ಪಾ, ನಿಮ್ಮ ಮನೆಯವರು ಒಬ್ಬರೇ ಮಾತಾಡ್ತಾರೆ?” ಎಂದರೆ, ಅವರು ತಲೆಯ ಪಕ್ಕ ಬೆರಳು ತಿರುಗಿಸಿ, “ಸ್ವಲ್ಪ ಹಾಗೇ ಸಾರ್. ಮನೇಲಿ ಒಬ್ಬಳನ್ನೇ ಬಿಡೋ ಹಾಗಿಲ್ಲ” ಎನ್ನುತ್ತಿದ್ದರು. ನಾನು ನಗುತ್ತಿದ್ದೆ. ಹುಚ್ಚಿ ನಕ್ಕರೆ ಮುಂದಕ್ಕೆ ಯಾರೂ ಏನೂ ಕೇಳುವುದಿಲ್ಲ. ನಿನಗೆ ಮಾತ್ರ ‘ಅಮ್ಮನಿಗೆ ಊರು ಸುತ್ತುವ ಚಟ’ ಎಂದು ಹೇಳಿದ್ದೆವು.

ನಿನ್ನೆ ವಿಮೆ ಏಜೆಂಟ್ ಬಂದಿದ್ದ. ಮಾತಿಗೆ ಮುಂಚೆ ನಗುವ ಮನುಷ್ಯ. “ಕ್ಲೇಮಿಗೆ ಒಂದು ಹೇಳಿಕೆ ಬೇಕು ಯಜಮಾನ್ರೇ. ಅವಳೇ ಮಂಜಿನಲ್ಲಿ ಗಾಡಿ ಸಮೇತ ಅಡ್ಡ ನುಗ್ಗಿದಳು ಅಂತ ಬರೀರಿ. ತಪ್ಪು ಅವಳದಾದರೆ ಕಂಪನಿಯವರು ಕಾರು ರಿಪೇರಿ ಮಾಡಿಸಿಕೊಟ್ಟು ಕೈ ತೊಳ್ಕೋತಾರೆ. ತಪ್ಪು ನಿಮ್ಮದು ಅಂತ ಅನುಮಾನ ಬಂತೋ, ಲೈಸೆನ್ಸು, ಕಣ್ಣು, ಕಿವಿ ಎಲ್ಲಾ ಕೆದಕ್ತಾರೆ.” ಕಣ್ಣು ಎಂದಾಗ ನಿಮ್ಮಪ್ಪ ಗೋಡೆಯ ಕಡೆ ತಿರುಗಿದರು.

“ಅವಳಿಗೆ ಏನು ಸಿಗುತ್ತೆ?” ಎಂದೆ.

“ಅವಳಿಗೇನಮ್ಮಾ? ನುಗ್ಗಿದೋರಿಗೆ ಯಾರು ಕೊಡ್ತಾರೆ?”

ನಿನ್ನ ಕರಪತ್ರ ಓದಿದವರು ಕಾರ್ಖಾನೆಯ ಗೇಟು ಅಲ್ಲಾಡಿಸುತ್ತಾರಂತೆ. ನಮಗೂ ಒಂದು ಪುಟ ಬರೆದುಕೊಡೇ. ಕೇಳುತ್ತಿರುವುದು ನಾನು, ನಿಮ್ಮಪ್ಪ ಅಲ್ಲ. ನಿನ್ನ ಸುದ್ದಿ ಎತ್ತಿದರೆ ಅವರು ಈಗಲೂ ಎದ್ದು ಹೊರಗೆ ಹೋಗುತ್ತಾರೆ. ಕಾರು ಹೋದರೆ ನಮ್ಮ ಒಲೆ ಹೋಯಿತು, ಅಷ್ಟು ತಿಳಿದುಕೋ.

ನಿನ್ನ ಉತ್ತರಕ್ಕೆ ಕಾಯುತ್ತಿರುವ
ನಿನ್ನ ಅಮ್ಮ


ನವೆಂಬರ್ 17

ಅಮ್ಮಾ,

ಬರೆದುಕೊಡುವುದಿಲ್ಲ.

ಇದೊಂದೇ ಸಾಲು ಬರೆದು ಅಂಚೆಗೆ ಹಾಕೋಣ ಅಂದುಕೊಂಡಿದ್ದೆ, ಆಗಲಿಲ್ಲ. ‘ಕಸದವಳು’ ಎಂದು ಬರೆದಿದ್ದೀಯ. ಕಸ ನಮ್ಮದು, ಹೆಸರು ಮಾತ್ರ ಅವಳಿಗಾ? ನಾವು ಎಸೆದದ್ದನ್ನು ಎತ್ತುವುದಕ್ಕೆ ಊರು ಏಳುವ ಮುಂಚೆ ಎದ್ದು ಬಂದವಳು, ಅವಳ ಮೇಲೇ ನುಗ್ಗಿದ ಆರೋಪ. ಕಾರಿಗೆ ವಿಮೆ ಇದೆ, ಗಾಜಿಗೆ ವಿಮೆ ಇದೆ, ಬಂಪರಿಗೆ ವಿಮೆ ಇದೆ. ಪೊರಕೆ ಹಿಡಿದ ಕೈಗೆ ಏನಿದೆ? ಇಲ್ಲಿ ಮೆಷಿನ್ನಿಗೆ ಬೆರಳು ಸಿಕ್ಕರೂ ಇದೇ ರಾಗ. ಬೆರಳೇ ಅಡ್ಡ ನುಗ್ಗಿತಂತೆ! ಸೂಜಿಗೆ ಪಾಪ ಏನೂ ಗೊತ್ತಿರುವುದಿಲ್ಲ.

ಅಪ್ಪನ ಕೋಪ ನನಗೆ ಗೊತ್ತಿದೆ. ತನ್ನ ಖಾಯಂ ಗಿರಾಕಿಯ ಕೈಕಾಲು ಹಿಡಿದು ಅವನ ಹೊಲಿಗೆ ಕಾರ್ಖಾನೆಯಲ್ಲಿ ನನಗೆ ಕೆಲಸ ಕೊಡಿಸಿದರು. ನಾನು ಅಲ್ಲೇ ಮುಷ್ಕರಕ್ಕೆ ಕೂತೆ. ಆ ಧಣಿ ಅಪ್ಪನ ಕಾರು ಹತ್ತುವುದನ್ನು ಬಿಟ್ಟ, ಅಪ್ಪ ನನ್ನ ಜೊತೆ ಮಾತು ಬಿಟ್ಟರು. ಅದನ್ನು ನಾನು ಹೊತ್ತುಕೊಂಡಿದ್ದೇನೆ. ಆದರೆ ಆ ಋಣ ತೀರಿಸಲು ಒಬ್ಬಳ ಮುರಿದ ಕಾಲಿನ ಮೇಲೆ ಸುಳ್ಳು ಬರೆಯಲಾರೆ.

ಒಂದು ಮಾತು ಕೇಳುತ್ತೇನೆ. ಎಡಗಡೆಯ ರಸ್ತೆ ನಿನ್ನದು ಎಂದೆ. ಗಾಡಿ ಎಡಗಡೆಗಿತ್ತು ಎಂದೂ ಬರೆದಿದ್ದೀಯ. ಹಾಗಾದರೆ ಅವತ್ತು ನೀನು ಏನು ಹೇಳಿದೆ ಅಮ್ಮಾ?

ಸಿಟ್ಟಿನಲ್ಲೂ ನಿನ್ನವಳೇ ಆದ
ಮಗಳು


ಡಿಸೆಂಬರ್ 12

ಮಗಳೇ,

ಇಲ್ಲಿ ಚಳಿ ಜಾಸ್ತಿಯಾಗಿದೆ. ಕಾರು ಗ್ಯಾರೇಜಿನ ಹಿತ್ತಲಿನಲ್ಲಿದೆ. ಕ್ಲೇಮು ಇತ್ಯರ್ಥವಾಗುವ ತನಕ ಕೈ ಹಚ್ಚುವ ಹಾಗಿಲ್ಲವಂತೆ. ಪೆಟ್ಟು ತಿಂದ ಕಾರುಗಳೆಲ್ಲ ಅಲ್ಲಿ ಸಾಲಾಗಿ ನಿಂತಿವೆ, ಆಸ್ಪತ್ರೆಯ ಹೊರಗೆ ಚೀಟಿ ಹಿಡಿದು ಕಾಯುವ ಜನರ ಹಾಗೆ. ನಮ್ಮದರ ಒಡೆದ ಕಿಟಕಿಯಿಂದ ಒಂದು ಬಳ್ಳಿ ಒಳಗೆ ಬಂದು ಸ್ಟೇರಿಂಗಿಗೆ ಸುತ್ತಿಕೊಂಡಿದೆ. ಮಧ್ಯಾಹ್ನ ಕೆಲಸ ಮುಗಿದ ಮೇಲೆ ಹೋಗಿ ನನ್ನ ಸೀಟಿನಲ್ಲಿ ಕೂರುತ್ತೇನೆ. ಮೆಕ್ಯಾನಿಕ್ ನೋಡಿ ನೋಡದವನ ಹಾಗೆ ಇರುತ್ತಾನೆ. ಹುಚ್ಚಿ ಎನ್ನುವ ಹೆಸರಿನಿಂದ ಈ ಒಂದು ಅನುಕೂಲ ಇದೆ ನೋಡು, ಎಲ್ಲಿ ಬೇಕಾದರೂ ಕೂರಬಹುದು.

ಅಲ್ಲಿ ಕೂತರೆ ನಿದ್ದೆಯಲ್ಲದ ಒಂದು ನಿದ್ದೆ ಬರುತ್ತದೆ. ಕಾರು ಹೊರಡುತ್ತದೆ, ಸದ್ದಿಲ್ಲ, ಚಕ್ರ ನೆಲಕ್ಕೆ ತಾಗುವುದಿಲ್ಲ. ಆ ರಸ್ತೆಗೆ ಬಲಗಡೆಯೇ ಇಲ್ಲ, ಎಲ್ಲವೂ ಎಡ. ಅಂಚಿನುದ್ದಕ್ಕೂ ಜನ ನಿಂತಿದ್ದಾರೆ. ನಾನು ಇಷ್ಟು ವರ್ಷ ‘ಬಂದ್ರು, ಬಂದ್ರು’ ಎಂದು ಉಸುರಿ ಉಳಿಸಿದವರು. ಸೈಕಲ್ಲಿನ ಹಾಲಿನವನು, ಬ್ಯಾಗು ಹೊತ್ತ ಹುಡುಗಿಯರು, ಬೆತ್ತದ ಬುಟ್ಟಿಯ ಮುದುಕ, ಬಸುರಿಯೊಬ್ಬಳು. ಅವರಲ್ಲಿ ಒಬ್ಬರಿಗೂ ತಾವು ಉಳಿದದ್ದು ಗೊತ್ತಿಲ್ಲ. ಏನೋ ಮಾತಾಡಿಕೊಂಡು ನಿಂತಿದ್ದಾರೆ. ನಡುವೆ ಒಬ್ಬರಷ್ಟು ಜಾಗ ಖಾಲಿ. ಕಾರು ಆ ಜಾಗದ ಹತ್ತಿರ ಬಂದ ಕೂಡಲೇ ಎಚ್ಚರವಾಗುತ್ತದೆ.

ನೀನು ಬರೆಯಲಿಲ್ಲ, ಹಾಗಾಗಿ ನಿಮ್ಮಪ್ಪನೇ ಹೇಳಿಕೆ ಬರೆದರು. ಏಜೆಂಟ್ ಪಕ್ಕದಲ್ಲಿ ಕೂತು ಮಾತು ಕೊಡುತ್ತಿದ್ದ. ನಾನು ಟೀ ತಂದಾಗ ಅವನು, “ನಿಮ್ಮ ಮನೆಯವರು ಪಕ್ಕದಲ್ಲೇ ಇದ್ರಲ್ಲ, ಅವರನ್ನೂ ವಿಚಾರಣೆಗೆ ಕರೀತಾರೆ. ಅಲ್ಲೇನಾದ್ರೂ ಬಾಯಿ ಜಾರಿದ್ರೆ ಕಷ್ಟ. ಅವರಿಗೆ ತಲೆ ಸ್ವಲ್ಪ... ಅಂತಾರಲ್ಲ? ಅದನ್ನೇ ಬರೆದುಬಿಡಿ. ಖಾಯಂ ಗಿರಾಕಿಗಳ ಕೈಲಿ ಸಹಿ ಹಾಕಿಸೋಣ” ಎಂದ. ನಿಮ್ಮಪ್ಪ ತುಂಬ ಹೊತ್ತು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು. ಆಮೇಲೆ ಬರೆದರು. ‘ಪತ್ನಿ ಮಾನಸಿಕ ಅಸ್ವಸ್ಥೆ.’ ಅಕ್ಷರಗಳು ದುಂಡಗಿದ್ದವು.

ಏಜೆಂಟ್ ಒಂದು ಗುಟುಕು ಕುಡಿದು, “ಸಕ್ಕರೆ ಜಾಸ್ತಿ ಆಯ್ತು ತಾಯಿ” ಎಂದ.

“ಹುಚ್ಚಿ ಮಾಡಿದ ಟೀ” ಎಂದೆ.

ಇಬ್ಬರೂ ನಗಲಿಲ್ಲ.

ನಿನ್ನ ಕಾಗದದಲ್ಲಿ ಬೆಂಕಿ ಚೆನ್ನಾಗಿ ಉರಿಯುತ್ತದೆ. ದೂರದಲ್ಲಿ ಕೂತು ಉರಿಸುವವರಿಗೆ ಹೊಗೆ ಬರುವುದಿಲ್ಲ. ನೀನು ಘೋಷಣೆ ಬರೆಯಲು ಕಲಿತ ಅಕ್ಷರವೂ ಈ ಕಾರು ದುಡಿದು ತಂದದ್ದೇ. ನೀನು ಕೇಳಿದ ಮಾತಿಗೆ ಏನು ಬರೆಯಲಿ? ಅವತ್ತು ಮಂಜಿತ್ತು.

ಅಮ್ಮ


ಡಿಸೆಂಬರ್ 20

ಅಮ್ಮಾ,

ಹೊಗೆಯ ಮಾತು ತಗುಲಿತು. ತಗುಲಬೇಕಾದದ್ದೇ.

ಆದರೆ ಆ ಎರಡು ಪದ ಓದಿದ ಮೇಲೆ ನನಗೆ ಊಟ ಸೇರಲಿಲ್ಲ. ಗಂಡಸಿನ ಕಣ್ಣು ಹೋದರೆ ಅದು ಗುಟ್ಟು. ಆ ಗುಟ್ಟು ಕಾಯಲು ಹೆಂಡತಿಯ ತಲೆ ಕೆಡಬೇಕು, ಅದೂ ಊರಿಗೆಲ್ಲ ಗೊತ್ತಾಗುವ ಹಾಗೆ. ಇಷ್ಟು ವರ್ಷ ನಿನ್ನ ಕಣ್ಣಿನಿಂದ ಬದುಕಿದ ಮನುಷ್ಯ, ನಿನ್ನ ನಾಲಿಗೆ ಕಂಡರೆ ಹೆದರುತ್ತಾನೆ! ನೀನು ಟೀ ಕೊಟ್ಟೆಯಲ್ಲ, ಅದನ್ನು ಆ ಕಾಗದದ ಮೇಲೆ ಚೆಲ್ಲಬೇಕಿತ್ತು.

ನಾನು ಬೈದರೆ ನೀನು ಮಂಜಿನೊಳಗೆ ಹೋಗಿ ಕೂರುತ್ತೀಯ. ಅದಕ್ಕೆ ಬೈಯುವುದಿಲ್ಲ. ಆ ಹೆಂಗಸು ಇನ್ನೂ ಆಸ್ಪತ್ರೆಯಲ್ಲೇ ಇರಬೇಕಲ್ಲ, ಒಂದು ಸಲ ಹೋಗಿ ಬಾ. ಹಣ್ಣು ಗಿಣ್ಣು ಏನೂ ಒಯ್ಯಬೇಡ. ಸುಮ್ಮನೆ ಹೋಗು.

ಆ ಹಿತ್ತಲಿನ ಬಳ್ಳಿಯನ್ನು ಕೀಳಬೇಡ ಅಂತ ಮೆಕ್ಯಾನಿಕ್ಕಿಗೆ ಹೇಳು.

ಮಗಳು


ಜನವರಿ 14

ಮಗಳೇ,

ಹೋಗಿದ್ದೆ.

ಉದ್ದನೆಯ ವಾರ್ಡು. ಕಿಟಕಿಗಳೆಲ್ಲ ಎತ್ತರದಲ್ಲಿವೆ, ಬೆಳಕು ಮೇಲಿನಿಂದ ಸುರಿಯುತ್ತಿತ್ತು. ಹಾಸಿಗೆಗಳು ದೋಣಿಗಳ ಹಾಗೆ ಒಂದರ ಪಕ್ಕ ಒಂದು ತೇಲುತ್ತಿದ್ದವು. ಅವಳು ಕೊನೆಯ ದೋಣಿಯಲ್ಲಿದ್ದಳು. ಕಾಲಿಗೆ ಬಿಳಿ ಪಟ್ಟಿ ಸುತ್ತಿ ಮೇಲಕ್ಕೆ ತೂಗುಹಾಕಿದ್ದರು. ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದಳು.

“ಬಾರಮ್ಮಾ, ನೋಡೋಕೆ ಬಂದ್ಯಾ? ನೋಡ್ಕೋ. ಕಾಲು ಇಲ್ಲೇ ಇದೆ, ಇನ್ನೂ ಯಾರೂ ಹೊತ್ಕೊಂಡು ಹೋಗಿಲ್ಲ.”

ಪಕ್ಕದ ಹಾಸಿಗೆಯವಳು ಕಿಸಕ್ಕೆಂದಳು. ನಾನು ಸ್ಟೂಲಿನ ಮೇಲೆ ಕೂತೆ.

“ನಾನು ನಿನ್ನ ನೋಡ್ದೆ” ಎಂದಳು. “ಕಂಬದ ಬೆಳಕು ನೆಟ್ಟಗೆ ನಿನ್ನ ಮುಖದ ಮೇಲಿತ್ತು. ನೀನೂ ನನ್ನ ನೋಡ್ದೆ. ಇಲ್ಲ ಅನ್ನು ನೋಡೋಣ! ಗಾಜಿನ ಹಿಂದೆ ಫೋಟೋ ಥರ ಕೂತಿದ್ದೆ. ಒಂದು ಸಲ ಕೂಗೋಕೆ ಏನಾಗಿತ್ತು ನಿನಗೆ? ಬಾಯಲ್ಲಿ ಮುತ್ತು ಇಟ್ಕೊಂಡಿದ್ಯಾ?”

ನಿನ್ನ ಪ್ರಶ್ನೆಯನ್ನೇ ಕೇಳಿದಳು. ಎರಡು ತಿಂಗಳು ನಿನಗೆ ಹೇಳದ ಉತ್ತರ ಅವಳ ಮುಂದೆ ತಾನಾಗಿ ಬಂತು.

“ಅವರು ಬಾಯಿ ಮುಚ್ಚು ಅಂದಿದ್ರು” ಎಂದೆ.

ಅವಳು ನಕ್ಕಳು. ನಕ್ಕರೆ ಕಾಲು ಅಲುಗಿ ನೋಯುತ್ತದೆ, ನೋವಾದರೂ ನಗು ನಿಲ್ಲುವುದಿಲ್ಲ. “ಕೇಳ್ರೇ ಇದನ್ನ! ನನ್ನ ಗಂಡನೂ ಬದುಕಿರೋ ತನಕ ದಿನಾ ಅಂತಿದ್ದ ಕಣಮ್ಮಾ. ಒಂದು ದಿನಾನಾದ್ರೂ ಮುಚ್ಚಿದೀನಾ ಕೇಳು ಯಾರನ್ನಾದ್ರೂ!” ವಾರ್ಡೆಲ್ಲ ನಕ್ಕಿತು. ನಾನು ಮಾತ್ರ ಅತ್ತೆ. ಅವಳು ಸಮಾಧಾನ ಮಾಡಲಿಲ್ಲ. ಯಾಕೆ ಮಾಡಬೇಕು?

“ಕಂಟ್ರಾಕ್ಟರ್ ಬಂದಿದ್ದ” ಎಂದಳು. “ತಪ್ಪು ನಂದೇ ಅಂತ ಆದ್ರೆ ಕೆಲಸಕ್ಕೆ ಬರೋದು ಬೇಡ ಅಂದ. ನಾನು ನುಗ್ಗಿದ್ನಂತೆ! ನಾನೇನು ಗೂಳಿನಾ? ಗುಡಿಸೋರು ಯಾವತ್ತಾದ್ರೂ ರಸ್ತೆ ನಡುವಕ್ಕೆ ನುಗ್ತಾರಾ? ಕಸ ಇರೋದು ಅಂಚಲ್ಲಿ. ಅಂಚು ಬಿಟ್ಟು ನಾನೆಲ್ಲಿಗೆ ಹೋಗಲಿ?”

ಈಗ ನಿನಗೂ ಹೇಳುತ್ತೇನೆ, ಪೂರ್ತಿ ಕೇಳು. ಅವತ್ತು ಹೊರಡುವಾಗ ನಾನು, “ಗಿರಾಕಿನ ಇಳಿಸಿದ ಮೇಲೆ ನನ್ನ ರೈಲು ಹತ್ತಿಸಿ. ಒಂದು ದಿನ ಅವಳನ್ನ ನೋಡ್ಕೊಂಡು ಬರ್ತೀನಿ” ಎಂದೆ. ಅವಳು ಅಂದರೆ ನೀನು. “ಈ ಕಾರಲ್ಲಿ ಅವಳ ಸುದ್ದಿ ಎತ್ತಬೇಡ. ಬಾಯಿ ಮುಚ್ಕೊಂಡು ಕೂತ್ಕೋ” ಎಂದರು. ಆಗಲಿ, ಮುಚ್ಚಿದೆ, ಇನ್ನು ತೆರೆಯುವುದಿಲ್ಲ ಎಂದು ಮನಸ್ಸಿನಲ್ಲೇ ಹಟ ಹಿಡಿದೆ. ಬೇಕಂತಲೇ ಮಾಡಿದೆ ಅನ್ನಬೇಡ, ಮರೆತೆ ಅಂತಲೂ ಅನ್ನಬೇಡ. ತಿರುವಿನಲ್ಲಿ ಗಾಡಿ ಕಂಡಿತು, ಅವಳು ಕಂಡಳು. ‘ಬಂದ್ರು’ ಎನ್ನುವ ಮಾತು ನಾಲಿಗೆಯ ತುದಿಗೆ ಬಂತು. ಹಟ ಅದನ್ನು ಒಂದು ಉಸಿರಿನಷ್ಟು ಹೊತ್ತು ಹಿಡಿದುಕೊಂಡಿತು. ನಿಮ್ಮಪ್ಪನಿಗೆ ರಸ್ತೆ ಖಾಲಿ.

ಕ್ಲೇಮ್ ಫಾರಂನಲ್ಲಿ ‘ವಾಹನ ಚಲಾಯಿಸುತ್ತಿದ್ದವರು ಯಾರು’ ಎಂದು ಕೇಳಿದ್ದಾರೆ. ಒಬ್ಬರ ಹೆಸರು ಹಿಡಿಯುವಷ್ಟೇ ಜಾಗ ಬಿಟ್ಟಿದ್ದಾರೆ.

ವಿಚಾರಣೆಗೆ ನಾನು ಹೋಗುತ್ತೇನೆ. ಯಾರೂ ಕರೆದಿಲ್ಲ. ನಿಮ್ಮಪ್ಪನಿಗೆ ಹೇಳಿದೆ, ಏನು ಹೇಳುತ್ತೇನೆ ಅನ್ನುವುದನ್ನೂ ಹೇಳಿದೆ. ಅವರು ಎದ್ದು ಹೊರಗೆ ಹೋದರು. ಹೇಳಿದ ಮೇಲೆ ನಮಗೆ ಕಾರಿಲ್ಲ, ಅವರಿಗೆ ಲೈಸೆನ್ಸಿಲ್ಲ. ಏನು ತಿನ್ನುತ್ತೇವೋ ಗೊತ್ತಿಲ್ಲ.

ಬಾಯಿ ತೆರೆಯಲು ಇನ್ನೂ ಹೆದರುತ್ತಿರುವ
ಅಮ್ಮ


ಜನವರಿ 21

ಅಮ್ಮಾ,

ಭಾಷಣ ಬರೆಯಲು ಕೂತೆ. ಬರಲಿಲ್ಲ.

ನಿಮ್ಮಿಬ್ಬರ ನಡುವಿನ ಆ ಉಸಿರಿನಲ್ಲಿ ನಾನೇ ಕೂತಿದ್ದೆ. ಅದನ್ನು ನೀನು ಎರಡು ತಿಂಗಳು ಮಂಜಿನಲ್ಲಿ ಮುಚ್ಚಿಟ್ಟದ್ದು ನಿನಗಾಗಿ ಅಲ್ಲ, ನನಗಾಗಿ.

ಅಪ್ಪನನ್ನು ಪೂರ್ತಿ ಬೈಯಲೂ ನನಗೆ ಆಗುತ್ತಿಲ್ಲ. ಕಣ್ಣು ಹೋದ ಡ್ರೈವರಿಗೆ ಮರುದಿನದಿಂದ ಅನ್ನ ಎಲ್ಲಿಂದ ಎಂದು ಆ ಡಾಕ್ಟರು ಕೇಳಲಿಲ್ಲ, ಯಾರೂ ಕೇಳಲಿಲ್ಲ. ಕೇಳುವ ಒಬ್ಬರಿದ್ದಿದ್ದರೆ ನೀನು ಆ ಸೀಟಿಗೆ ಬರುತ್ತಿರಲಿಲ್ಲ. ಆದರೆ ಆ ಸಿಟ್ಟನ್ನು ಮೇಲಿನವರ ಮೇಲೆ ತೀರಿಸಬೇಕು. ಅಂಚಿನಲ್ಲಿ ಗುಡಿಸುತ್ತಿದ್ದವಳ ಮೇಲಲ್ಲ, ನಿನ್ನ ತಲೆಯ ಮೇಲೂ ಅಲ್ಲ.

ನನ್ನ ಭಯ ಒಂದೇ. ನೀನು ಹೋಗಿ ಸತ್ಯ ಹೇಳಿದರೂ ಅವರು ಆ ಹೇಳಿಕೆ ತೆಗೆದು ತೋರಿಸುತ್ತಾರೆ. ಹುಚ್ಚಿಯ ಮಾತಿನಿಂದ ಆ ಹೆಂಗಸಿಗೆ ಏನೂ ಆಗುವುದಿಲ್ಲ. ಅಪ್ಪ ಬರೆದದ್ದನ್ನು ಅಪ್ಪನೇ ಹೊಡೆದುಹಾಕಬೇಕು. ನಾನು ಬರಲಾ?

ನಿನ್ನ ಪಕ್ಕದಲ್ಲಿ ಕೂರಬೇಕೆನ್ನಿಸುತ್ತಿರುವ
ಮಗಳು


ಫೆಬ್ರವರಿ 26

ಮಗಳೇ,

ಬರಬೇಡ ಎಂದು ಹೇಳಲು ಬರೆಯಬೇಕಿತ್ತು, ಅಷ್ಟರಲ್ಲಿ ವಿಚಾರಣೆಯ ದಿನವೇ ಬಂದುಬಿಟ್ಟಿತು. ಮೊದಲು ಆದದ್ದನ್ನೆಲ್ಲ ಹೇಳಿಬಿಡುತ್ತೇನೆ. ಕಾರಿನ ಕ್ಲೇಮನ್ನು ಕಂಪನಿ ವಜಾ ಮಾಡಿತು. ಲೈಸೆನ್ಸು ಹೋಯಿತು. ಅವಳಿಗೆ ಕಂಪನಿಯೂ ನಾವೂ ಪರಿಹಾರ ಕೊಡಬೇಕೆಂದು ಆಯಿತು, ನಾವು ಕಟ್ಟುವ ಪಾಲಿಗೆ ಕಾರನ್ನು ತಗಡಿನ ಬೆಲೆಗೆ ಮಾರಿದ ಹಣವೂ ಸೇರುತ್ತದೆ. ಕೆಲಸದಿಂದ ತೆಗೆಯುವ ಹಾಗಿಲ್ಲವೆಂದು ಕಂಟ್ರಾಕ್ಟರ್ ಬರೆದುಕೊಟ್ಟಿದ್ದಾನೆ. ನಾನು ಒಂದು ಹಾಸ್ಟೆಲಿನ ಅಡುಗೆಮನೆಗೆ ಹೋಗುತ್ತಿದ್ದೇನೆ. ನಿಮ್ಮಪ್ಪ ಇನ್ನೂ ಏನೂ ಹುಡುಕಿಕೊಂಡಿಲ್ಲ. ಬೆಳಿಗ್ಗೆ ಎದ್ದು ಅಭ್ಯಾಸಬಲದಿಂದ ಶರ್ಟು ಹಾಕಿಕೊಂಡು, ಬಾಗಿಲಲ್ಲಿ ಕೂರುತ್ತಾರೆ. ನೋಡಲು ಕಷ್ಟವಾಗುತ್ತದೆ. ಅದನ್ನು ನಿನ್ನಿಂದ ಮುಚ್ಚಿಡುವುದಿಲ್ಲ.

ಇನ್ನು ಆ ದಿನದ ಸಂಗತಿ.

ಕಂಪನಿಯ ಕಚೇರಿ ಗಾಜಿನ ಕಟ್ಟಡ. ಹೊರಗಿನ ಮರಗಳೆಲ್ಲ ಒಳಗಿನ ಗೋಡೆಯ ಮೇಲೆ ಅಲ್ಲಾಡುತ್ತಿದ್ದವು, ನಾವೆಲ್ಲ ಮೀನಿನ ತೊಟ್ಟಿಯ ತಳದಲ್ಲಿ ಕೂತ ಹಾಗಿತ್ತು. ವಿಚಾರಣೆ ಮಾಡುವ ಅಧಿಕಾರಿ ನೆಗಡಿಯಾದ ಮನುಷ್ಯ, ಪ್ರತಿ ಪ್ರಶ್ನೆಗೂ ಮುಂಚೆ ಮೂಗು ಒರೆಸಿಕೊಳ್ಳುತ್ತಿದ್ದರು. ಅವಳು ಊರುಗೋಲು ಮಡಿಲಲ್ಲಿಟ್ಟುಕೊಂಡು ಬೆಂಚಿನ ಮೇಲಿದ್ದಳು. ಏಜೆಂಟ್ ಎಲ್ಲರಿಗೂ ನಗು ಹಂಚುತ್ತಿದ್ದ. ನಿಮ್ಮಪ್ಪ ನನ್ನ ಬಲಕ್ಕೆ ಕೂತಿದ್ದರು.

ಅಧಿಕಾರಿ ನಿಮ್ಮಪ್ಪನ ಹೇಳಿಕೆ ಓದಿದರು. ‘ಅಡ್ಡ ನುಗ್ಗಿದಳು’ ಎಂಬಲ್ಲಿಗೆ ಬಂದಾಗ ಅವಳು ಗಂಟಲು ಸರಿಮಾಡಿಕೊಂಡಳು, ಅಷ್ಟೇ. ನಾನು ಎದ್ದು ನಿಂತೆ.

“ನುಗ್ಗಲಿಲ್ಲ ಸಾರ್. ಅಂಚಲ್ಲೇ ಇದ್ರು. ನಾನು ನೋಡ್ದೆ.”

“ನೀವು ಯಾರಮ್ಮಾ?”

ನಾನು ಬಾಯಿ ತೆರೆಯುವ ಮುಂಚೆ ಏಜೆಂಟ್ ಎದ್ದ. “ಸಾರ್, ಇವರ ಬಗ್ಗೆ ಮೂರನೇ ಪುಟದಲ್ಲಿದೆ. ಪಾಪ, ಅವರಿಗೆ ಹುಷಾರಿಲ್ಲ. ಗಿರಾಕಿಗಳ ಸಹಿನೂ ಇದೆ.”

ಅಧಿಕಾರಿ ಪುಟ ತಿರುಗಿಸಿದರು. ಓದಿದರು. ನನ್ನ ಮುಖ ನೋಡುವ ರೀತಿಯೇ ಬದಲಾಯಿತು. ಗಿರಾಕಿಗಳು ಹಿಂದಿನ ಸೀಟಿನಿಂದ ನೋಡುತ್ತಿದ್ದರಲ್ಲ, ಅದೇ ನೋಟ. ಮೆತ್ತಗಿನ ದನಿಯಲ್ಲಿ, “ಕೂತ್ಕೊಳ್ಳಿ ತಾಯಿ, ನೀರು ಬೇಕಾ?” ಎಂದರು. ಮಗಳೇ, ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಮೆತ್ತಗಿನ ದನಿಗೆ ಕೂತುಬಿಟ್ಟೆ. ಗೋಡೆಯ ಮೇಲಿನ ಮರಗಳು ತೇಲಿದವು. ಇಷ್ಟು ವರ್ಷ ನಾನೇ ನಕ್ಕು ನಕ್ಕು ಕಟ್ಟಿದ ಗೋಡೆ ಅದು, ಈಗ ನಾನು ಅದರ ಒಳಗಡೆ ಇದ್ದೆ.

ಬೆಂಚಿನಿಂದ ಅವಳ ದನಿ ಬಂತು. “ಹುಚ್ಚಿ ಅಲ್ಲ ಸಾರ್ ಅವಳು. ಹೆದರುಪುಕ್ಕಲಿ. ಎರಡಕ್ಕೂ ವ್ಯತ್ಯಾಸ ಇದೆ.”

“ನಿಮ್ಮನ್ನ ಕೇಳಿಲ್ಲ” ಎಂದರು ಅಧಿಕಾರಿ. ನಿಮ್ಮಪ್ಪನ ಕಡೆ ತಿರುಗಿದರು. “ಯಜಮಾನ್ರೇ, ಇದು ನೀವೇ ಬರೆದದ್ದು ತಾನೆ? ಹಾಗಾದ್ರೆ ಇವರು ಹೇಳೋದನ್ನ ನಾವು ತಗೊಳ್ಳೋ ಹಾಗಿಲ್ಲ. ಹೌದಾ?”

ಹೌದು ಅಂದಿದ್ದರೆ ಎಲ್ಲ ಉಳಿಯುತ್ತಿತ್ತು. ಕಾರು, ಲೈಸೆನ್ಸು, ಬೆಳಗಿನ ರೈಲು. ಅಷ್ಟೇಕೆ, ಸುಮ್ಮನಿದ್ದರೂ ಸಾಕಿತ್ತು. ಏಜೆಂಟ್ ಆಗಲೇ ಚೀಲದ ಜಿಪ್ ಎಳೆಯುತ್ತಿದ್ದ. ನಿಮ್ಮಪ್ಪ ಕುರ್ಚಿಯ ಕೈ ಹಿಡಿದು ಎದ್ದರು. ಅವರ ಎಡಗಣ್ಣು ಎಲ್ಲಿಯೋ ನೋಡುತ್ತಿತ್ತು, ಬಲಗಣ್ಣು ನೆಲ ನೋಡುತ್ತಿತ್ತು.

“ಅದನ್ನ ಹೊಡೆದುಹಾಕಿ ಸಾರ್.”

“ಯಾವುದನ್ನ?”

“ಅವಳ ಬಗ್ಗೆ ಬರೆದದ್ದನ್ನ. ಅದು ಸುಳ್ಳು.” ಬೆರಳಿನಿಂದ ಎಡಗಣ್ಣು ತೋರಿಸಿದರು. “ನನಗೆ ಈ ಕಡೆ ಕಣ್ಣು ಕಾಣಲ್ಲ. ಇಷ್ಟು ವರ್ಷ ಇವಳು ಬಾಯಲ್ಲಿ ಹೇಳಿದ್ದನ್ನ ನಂಬ್ಕೊಂಡು ಕಾರು ಓಡ್ಸಿದೀನಿ. ಒಂದು ದಿನವೂ ತಪ್ಪು ಹೇಳಿಲ್ಲ. ಅವತ್ತು ಬಾಯಿ ಮುಚ್ಚು ಅಂದೋನು ನಾನು.”

ಅಧಿಕಾರಿ ಮೂಗು ಒರೆಸುವುದನ್ನೂ ಮರೆತಿದ್ದರು. ಏಜೆಂಟಿನ ಮುಖದಲ್ಲಿ ನಗು ಇರಲಿಲ್ಲ. ನಗು ಇಲ್ಲದ ಆ ಮುಖ ಯಾರದೋ ಅನ್ನಿಸಿತು.

“ಇದನ್ನ ನಾನು ಹೇಗೆ ಬರ್ಕೊಳ್ಳಲಿ?” ಎಂದು ಅಧಿಕಾರಿ ತಮ್ಮಷ್ಟಕ್ಕೆ ಅಂದುಕೊಂಡರು.

“ಅವಳನ್ನ ಕೇಳಿ” ಎಂದರು ನಿಮ್ಮಪ್ಪ. “ನಾನು ನೋಡಿಲ್ಲ. ನೋಡಿದೋಳು ಅವಳು.”

ಹೇಳಿ ಕೂತರು. ಅಧಿಕಾರಿ ಹೊಸ ಹಾಳೆ ತೆಗೆದು ನನ್ನ ಕಡೆ ತಿರುಗಿದರು, ಈ ಸಲ ಆ ಮೆತ್ತಗಿನ ದನಿ ಇರಲಿಲ್ಲ. “ಹೇಳಿ. ಮೊದಲಿಂದ ಹೇಳಿ.”

ಹೇಳಿದೆ. ರೈಲು, ನೀನು, ಹಟ, ಗಾಡಿ, ಎಲೆ, ಕಾಲು. ನಡುವೆ ಯಾರೂ ಬಾಯಿ ಹಾಕಲಿಲ್ಲ. ಅವರು ಕೈ ನೋಯುವ ತನಕ ಬರೆದುಕೊಂಡರು.

ಇವತ್ತಿಗೆ ಇಷ್ಟು.
ಅಮ್ಮ